ಎಲೆಕ್ಟ್ರಾನಿಕ್ ವಾದ್ಯಗಳು ಬೆಳೆದು ಬಂದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೀಬೋರ್ಡ್ ಕಲಿಯುತ್ತಿರುವವರು, ಶ್ರುತಿ ಪೆಟ್ಟಿಗೆ ಹಾಕಿಕೊಂಡು ಹಾಡುವವರು, ಹಳೆಯ ಸಿಂಥಸೈಜರ್‌ಗಳ ಸದ್ದಿಗೆ ಮನಸೋತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ಒಂದು ಎಳೆ ಮತ್ತೆ ಮತ್ತೆ ಕಾಣಿಸುತ್ತದೆ. ಈ ವಾದ್ಯಗಳ ಹಣೆಬರಹವನ್ನು ಬಹುಪಾಲು ನಿರ್ಧರಿಸಿದ್ದು ಅವುಗಳ ಸದ್ದಲ್ಲ. ನುಡಿಸುವವರ ಕೈ ಆ ಸದ್ದನ್ನು ಎಷ್ಟರ ಮಟ್ಟಿಗೆ ಆಳಬಲ್ಲದು ಎಂಬ ಸಂಗತಿ. ಗಮಕವಿಲ್ಲದ ಸ್ವರವನ್ನು ಅರ್ಧ ಸ್ವರವೆಂದೇ ಭಾವಿಸುವ ನಮ್ಮ ಕಿವಿಗೆ ಈ ಚರಿತ್ರೆ ಬೇರೆಯೇ ರೀತಿಯಲ್ಲಿ ಕೇಳಿಸುತ್ತದೆ ಎಂದು ನನ್ನ ನಂಬಿಕೆ.

ಎಲೆಕ್ಟ್ರಿಕ್ ವಾದ್ಯಕ್ಕೂ ಎಲೆಕ್ಟ್ರಾನಿಕ್ ವಾದ್ಯಕ್ಕೂ ಏನು ವ್ಯತ್ಯಾಸ?

ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿ ನಿಜವಾಗಿಯೂ ಮಿಡಿಯುತ್ತದೆ. ಆ ಮಿಡಿತವನ್ನು ಪಿಕಪ್ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್ ಈ ಜಾತಿಗೆ ಸೇರಿದ್ದು. ಎಲೆಕ್ಟ್ರಾನಿಕ್ ವಾದ್ಯದಲ್ಲಿ ತಂತಿಯೂ ಇಲ್ಲ, ಕೊಳವೆಯೂ ಇಲ್ಲ, ಬಿಗಿದ ಚರ್ಮವೂ ಇಲ್ಲ. ಕಂಪನ ಹುಟ್ಟುವುದೇ ಸರ್ಕ್ಯೂಟಿನೊಳಗೆ. ಸ್ಪೀಕರ್ ಅಲುಗಿದಾಗ ಮಾತ್ರ ಅದು ಮೊದಲ ಬಾರಿಗೆ ಗಾಳಿಯನ್ನು ಮುಟ್ಟುತ್ತದೆ. ಈ ಎರಡರ ನಡುವೆ ಹ್ಯಾಮಂಡ್ ಆರ್ಗನ್ನಿನಂಥ ಮಿಶ್ರತಳಿಗಳೂ ಇವೆ; ಅದರ ಮಾತು ಮುಂದೆ ಬರುತ್ತದೆ.

ಮೊತ್ತಮೊದಲ ಎಲೆಕ್ಟ್ರಾನಿಕ್ ವಾದ್ಯ ಯಾವುದು?

ಒಂದೇ ಹೆಸರು ಹೇಳುವುದು ಕಷ್ಟ. ಟೆಲಿಫೋನ್ ಪೇಟೆಂಟಿಗಾಗಿ ಗ್ರಹಾಂ ಬೆಲ್ ಜೊತೆ ಪೈಪೋಟಿ ನಡೆಸಿದ ಅಮೆರಿಕದ ಎಲಿಶಾ ಗ್ರೇ 1870ರ ದಶಕದಲ್ಲೇ ತಂತಿಯ ಮೂಲಕ ಸ್ವರ ಕಳಿಸುವ ‘ಮ್ಯೂಸಿಕಲ್ ಟೆಲಿಗ್ರಾಫ್’ ಮಾಡಿದ್ದರು. 1899ರಲ್ಲಿ ಇಂಗ್ಲೆಂಡಿನ ವಿಲಿಯಂ ಡಡೆಲ್, ಆರ್ಕ್ ದೀಪ ಗುಂಯ್‌ಗುಡುವುದೇಕೆ ಎಂದು ಶೋಧಿಸಲು ಹೊರಟು, ಅದರಿಂದಲೇ ಸ್ವರ ಹೊರಡಿಸಿದರು.

ಆದರೆ ಜನ ಕುಳಿತು ಕೇಳಿದ, ಹಣ ಕೊಟ್ಟು ಕೇಳಿದ ಮೊದಲ ವಾದ್ಯವೆಂದರೆ ಥಡ್ಡಿಯಸ್ ಕೇಹಿಲ್ ಅವರ ಟೆಲ್‌ಹಾರ್ಮೋನಿಯಂ. ಅದರ ಪೇಟೆಂಟ್ 1897ರದು. ಮಸಾಚುಸೆಟ್ಸ್‌ನ ಹೋಲ್ಯೋಕ್ ಊರಿನಲ್ಲಿ ಕಟ್ಟಿ, ರೈಲಿನಲ್ಲಿ ನ್ಯೂಯಾರ್ಕಿಗೆ ಸಾಗಿಸಿ, 1906ರಲ್ಲಿ ಜನರ ಮುಂದಿಟ್ಟ ಯಂತ್ರದ ತೂಕ ಸುಮಾರು 200 ಟನ್! ನುಡಿಸುವವರು ಮೇಲಿನ ಸಭಾಂಗಣದಲ್ಲಿ, ಸ್ವರ ಹುಟ್ಟಿಸುವ ಜನರೇಟರ್‌ಗಳು ಕೆಳಗಿನ ನೆಲಮಾಳಿಗೆಯಲ್ಲಿ. ಅಷ್ಟು ದೊಡ್ಡದೇಕೆ ಎಂದರೆ, ಆಗ ಆಂಪ್ಲಿಫೈಯರ್ ಇರಲಿಲ್ಲ. ಹೋಟೆಲು, ಮನೆಗಳ ಟೆಲಿಫೋನ್ ರಿಸೀವರಿಗೆ ಕಹಳೆ ಸಿಕ್ಕಿಸಿ ಸಂಗೀತ ಕೇಳಿಸಬೇಕಾದರೆ, ವಿದ್ಯುತ್ತನ್ನು ಹುಟ್ಟುವಲ್ಲೇ ಅಷ್ಟು ಜೋರಾಗಿ ಹುಟ್ಟಿಸಬೇಕಿತ್ತು. ಆ ಜೋರೇ ಅದಕ್ಕೆ ಮುಳುವಾಯಿತು. ಪಕ್ಕದ ಟೆಲಿಫೋನ್ ತಂತಿಗಳಿಗೂ ಸಂಗೀತ ಸೋರಿ, ಮಾತನಾಡುತ್ತಿದ್ದವರ ಕಿವಿಗೆ ಬಿದ್ದು ದೂರುಗಳು ಬಂದವು. ಕಂಪನಿ 1914ರ ಹೊತ್ತಿಗೆ ದಿವಾಳಿಯಾಯಿತು. ಅದರ ಒಂದೇ ಒಂದು ಧ್ವನಿಮುದ್ರಣವೂ ಉಳಿದಿಲ್ಲ. ಚಂದಾ ಕಟ್ಟಿ ತಂತಿಯ ಮೂಲಕ ಮನೆಗೆ ಸಂಗೀತ ತರಿಸಿಕೊಳ್ಳುವ ಕಲ್ಪನೆ ರೇಡಿಯೊಗಿಂತಲೂ ಮೊದಲೇ ಹುಟ್ಟಿತ್ತು ಎಂಬುದು ನನಗೆ ಇವತ್ತಿಗೂ ಬೆರಗು.

ಥೆರೆಮಿನ್ ವಾದ್ಯವನ್ನು ಮುಟ್ಟದೆಯೇ ನುಡಿಸುತ್ತಾರಂತೆ. ಹೇಗೆ ಸಾಧ್ಯ?

ನಿಜ, ಮುಟ್ಟುವುದೇ ಇಲ್ಲ. ಲೆವ್ ತೆರ್ಮೆನ್ ಎಂಬ ರಷ್ಯದ ಭೌತವಿಜ್ಞಾನಿ ಪೆಟ್ರೊಗ್ರಾಡ್‌ನ ಪ್ರಯೋಗಾಲಯದಲ್ಲಿ ಅನಿಲಗಳ ಗುಣಗಳನ್ನು ಅಳೆಯುವ ಉಪಕರಣವೊಂದನ್ನು ಮಾಡುತ್ತಿದ್ದರು. ಕೈ ಹತ್ತಿರ ತಂದರೆ ಉಪಕರಣದ ಸಿಳ್ಳೆ ಏರುವುದು, ದೂರ ಸರಿಸಿದರೆ ಇಳಿಯುವುದು ಅವರ ಗಮನಕ್ಕೆ ಬಂತು. ತೆರ್ಮೆನ್ ಚೆಲ್ಲೊ ಕೂಡ ನುಡಿಸುತ್ತಿದ್ದರು. ಬೇರೆಯವರು ತೊಂದರೆಯೆಂದು ಸರಿಪಡಿಸಿಬಿಡುತ್ತಿದ್ದ ಆ ಸಿಳ್ಳೆಯಲ್ಲಿ ಅವರಿಗೆ ರಾಗ ಕೇಳಿಸಿತು. ಇದು 1920ರ ಸುಮಾರಿನ ಮಾತು. 1922ರಲ್ಲಿ ಲೆನಿನ್ ಎದುರಿಗೂ ಅವರು ಈ ವಾದ್ಯವನ್ನು ನುಡಿಸಿ ತೋರಿಸಿದರು.

ಒಳಗೆ ನಡೆಯುವುದು ಇಷ್ಟು. ಪೆಟ್ಟಿಗೆಯಲ್ಲಿ ರೇಡಿಯೊ ಆವರ್ತನದ ಎರಡು ಆಸಿಲೇಟರ್‌ಗಳಿರುತ್ತವೆ. ಎರಡೂ ಸೆಕೆಂಡಿಗೆ ಲಕ್ಷಾಂತರ ಸಲ ಕಂಪಿಸುತ್ತವೆ. ಕಿವಿಗೆ ನಿಲುಕುವ ಕಂಪನಗಳಲ್ಲ. ಒಂದರ ಕಂಪನ ಸ್ಥಿರ. ಇನ್ನೊಂದಕ್ಕೆ ನೆಟ್ಟಗೆ ನಿಂತ ಆಂಟೆನಾ ಜೋಡಿಸಿರುತ್ತದೆ. ನಮ್ಮ ಮೈಗೆ ವಿದ್ಯುತ್ ಧಾರಣಶಕ್ತಿ ಇರುವುದರಿಂದ ಕೈ ಆಂಟೆನಾದ ಬಳಿ ಹೋದಾಗ ಆ ಎರಡನೆಯ ಕಂಪನ ಒಂದಿಷ್ಟು ಬದಲಾಗುತ್ತದೆ. ಎರಡರ ನಡುವಿನ ವ್ಯತ್ಯಾಸ ಮಾತ್ರ ಸ್ಪೀಕರಿಗೆ ಹೋಗುತ್ತದೆ. ಒಂದು 2,00,000 ಹರ್ಟ್ಸ್, ಇನ್ನೊಂದು 1,99,560 ಹರ್ಟ್ಸ್ ಇದ್ದರೆ ಕೇಳುವುದು 440 ಹರ್ಟ್ಸ್‌ನ ಸ್ವರ. ಬಲಗೈ ಸ್ವರವನ್ನು ನೋಡಿಕೊಂಡರೆ, ಎಡಗೈ ಅಡ್ಡಲಾಗಿ ಬಾಗಿದ ಇನ್ನೊಂದು ಆಂಟೆನಾದ ಮೇಲೆ ಏರಿಳಿದು ಸದ್ದಿನ ಪ್ರಮಾಣವನ್ನು ನೋಡಿಕೊಳ್ಳುತ್ತದೆ.

ಇಷ್ಟು ಅದ್ಭುತವಾದ ವಾದ್ಯ ಮನೆಮನೆಗೆ ಏಕೆ ತಲುಪಲಿಲ್ಲ?

ಯಾರು ಬೇಕಾದರೂ ನುಡಿಸಬಹುದು ಎಂಬ ಭರವಸೆಯ ಮೇಲೆ ಅದನ್ನು ಮಾರಲು ಹೊರಟದ್ದೇ ಮೊದಲ ಎಡವಟ್ಟು. 1929ರಲ್ಲಿ ಆರ್‌ಸಿಎ ಕಂಪನಿ ಸುಮಾರು 500 ಥೆರೆಮಿನ್‌ಗಳನ್ನು ತಯಾರಿಸಿತು. ಅದೇ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅದಿಲ್ಲದಿದ್ದರೂ ಕಷ್ಟವಿತ್ತು. ಥೆರೆಮಿನ್‌ನಲ್ಲಿ ಮೆಟ್ಟಿಲಿಲ್ಲ, ಮನೆಯಿಲ್ಲ, ಬೆರಳಿಗೆ ತಾಗುವ ಯಾವ ಆಧಾರವೂ ಇಲ್ಲ. ಅರ್ಧ ಅಂಗುಲ ಕೈ ಸರಿದರೆ ಅಪಸ್ವರ. ಮೈ ಹಿಂದೆ ಮುಂದೆ ತೂಗಿದರೂ ಸ್ವರ ಅಲುಗುತ್ತದೆ.

ಅದನ್ನು ನಿಜವಾದ ವಾದ್ಯವನ್ನಾಗಿ ಮಾಡಿದವರು ವಿಲ್ನಿಯಸ್‌ನಲ್ಲಿ ಹುಟ್ಟಿದ ಕ್ಲಾರಾ ರಾಕ್‌ಮೋರ್. ಪಿಟೀಲಿನಲ್ಲಿ ಬಾಲಪ್ರತಿಭೆಯಾಗಿದ್ದ ಅವರು ಮೂಳೆಯ ತೊಂದರೆಯಿಂದ ಕಮಾನನ್ನು ಕೈಬಿಡಬೇಕಾಯಿತು. ಆಮೇಲೆ ಥೆರೆಮಿನ್ ಹಿಡಿದು, ಗಾಳಿಯಲ್ಲೇ ಬೆರಳುಗಳನ್ನು ಮಡಿಸಿ ಬಿಡಿಸಿ ಸ್ವರಸ್ಥಾನಗಳನ್ನು ಹಿಡಿಯುವ ಪದ್ಧತಿಯನ್ನು ರೂಪಿಸಿದರು. ಅವರ ಬೇಡಿಕೆಯಂತೆ ತೆರ್ಮೆನ್ ವಾದ್ಯವನ್ನು ತಿದ್ದಿಕೊಟ್ಟರು. ಅವರು ನುಡಿಸಿದ್ದನ್ನು ಹುಡುಕಿ ಕೇಳಿ. ಜಾರುವಾಗಲೂ ಅವರ ಸ್ವರ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ.

ತೆರ್ಮೆನ್ ಕತೆ ಮಾತ್ರ ಬೇರೆ ದಿಕ್ಕು ಹಿಡಿಯಿತು. 1938ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಮರಳಿದ ಅವರನ್ನು ಬಂಧಿಸಲಾಯಿತು, ಸೆರೆಯ ಪ್ರಯೋಗಾಲಯದಲ್ಲಿ ದುಡಿಸಿಕೊಳ್ಳಲಾಯಿತು. ಮಾಸ್ಕೊದ ಅಮೆರಿಕನ್ ರಾಯಭಾರಿಯ ಮನೆಯ ಗೋಡೆಯ ಮೇಲೆ ಮರದ ಲಾಂಛನದೊಳಗೆ ವರ್ಷಗಟ್ಟಲೆ ಅಡಗಿದ್ದ ಕದ್ದಾಲಿಕೆ ಸಾಧನವೂ ಅವರದೇ ಸೃಷ್ಟಿ.

ಜಾರು, ಕಂಪಿತಗಳಿಗೆ ಒಗ್ಗುವ ವಾದ್ಯಗಳು ಥೆರೆಮಿನ್ ಬಿಟ್ಟು ಬೇರೆ ಬಂದವೇ?

ಬಂದವು, ಅದೂ ಬಹಳ ಬೇಗ. ಎಲೆಕ್ಟ್ರಾನಿಕ್ ವಾದ್ಯಗಳ ಮೊದಲ ತಲೆಮಾರು ನಮ್ಮ ಸಂಗೀತಕ್ಕೆ ಆಮೇಲಿನ ಕೀಬೋರ್ಡ್‌ಗಳಿಗಿಂತ ಹತ್ತಿರವಾಗಿತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಎಲೆಕ್ಟ್ರಾನಿಕ್ ಎಂದ ಕೂಡಲೇ ಗಮಕಕ್ಕೆ ವಿರೋಧಿ ಎಂಬ ಅಭಿಪ್ರಾಯ ನಮ್ಮಲ್ಲಿ ಬೇರೂರಿಬಿಟ್ಟಿದೆ.

ಫ್ರಾನ್ಸಿನ ಮಾರಿಸ್ ಮಾರ್ತೆನೊ 1928ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶಿಸಿದ ಓಂದ್ ಮಾರ್ತೆನೊ ಇದಕ್ಕೆ ಚೆಂದದ ಸಾಕ್ಷಿ. ಅವರೂ ಚೆಲ್ಲೊ ವಾದಕರು, ಮೊದಲ ಮಹಾಯುದ್ಧದಲ್ಲಿ ರೇಡಿಯೊ ನಿರ್ವಾಹಕರಾಗಿದ್ದವರು. ವಾದ್ಯದ ಉದ್ದಕ್ಕೂ ಒಂದು ಪಟ್ಟಿ, ಅದಕ್ಕೊಂದು ಉಂಗುರ. ಬಲಗೈ ತೋರುಬೆರಳನ್ನು ಉಂಗುರಕ್ಕೆ ತೂರಿಸಿ ಎಡಕ್ಕೆ ಬಲಕ್ಕೆ ಎಳೆದರೆ ಸ್ವರ ಎಳೆದತ್ತ ಸಾಗುತ್ತದೆ. ಕೆಳಗೆ ಚಿತ್ರಿಸಿದ ಕೀಲಿಗಳು ಸ್ವರಸ್ಥಾನಕ್ಕೆ ಗುರುತು. ಎಡಗೈಯಲ್ಲೊಂದು ಮೆತ್ತನೆಯ ಗುಂಡಿ. ಎಷ್ಟು ಒತ್ತಿದರೆ ಅಷ್ಟು ಸದ್ದು, ಬಿಟ್ಟರೆ ಮೌನ. ಆಮೇಲೆ ಬಂದ ಮಾದರಿಗಳಲ್ಲಿ ನಿಜವಾದ ಕೀಲಿಮಣೆ ಸೇರಿತು, ಆದರೆ ಆ ಕೀಲಿಗಳನ್ನೂ ಅಡ್ಡಡ್ಡ ಅಲುಗಿಸಿ ಸ್ವರವನ್ನು ಕಂಪಿಸಬಹುದಿತ್ತು. ಒಲಿವಿಯೆ ಮೆಸಿಯಾನ್ 1949ರಲ್ಲಿ ಬಾಸ್ಟನ್ನಿನಲ್ಲಿ ಮೊದಲು ಕೇಳಿಸಿದ ತಮ್ಮ ಮಹಾಕೃತಿ ‘ತುರಂಗಲೀಲಾ’ದಲ್ಲಿ ಇದಕ್ಕೆ ಮುಖ್ಯ ಪಾತ್ರ ಕೊಟ್ಟರು. ಆ ಸಂಸ್ಕೃತ ಹೆಸರು ಅವರಿಗೆ ಸಿಕ್ಕಿದ್ದು ನಮ್ಮ ಪ್ರಾಚೀನ ತಾಳಗಳ ಪಟ್ಟಿಯಿಂದ.

ಬರ್ಲಿನ್ನಿನಲ್ಲಿ 1930ರಲ್ಲಿ ಫ್ರೀಡ್ರಿಶ್ ಟ್ರಾಟ್‌ವೈನ್ ಮಾಡಿದ ಟ್ರಾಟೋನಿಯಂನಲ್ಲಿ ಲೋಹದ ಪಟ್ಟಿಯ ಮೇಲೆ ಬಿಗಿದ ತಂತಿಯನ್ನು ಬೆರಳಿನಿಂದ ಒತ್ತಬೇಕು. ಒತ್ತಿದ ಜಾಗವೇ ಸ್ವರ. ಮೆಟ್ಟಿಲಿಲ್ಲದ ಗೋಟುವಾದ್ಯದ ಅಭ್ಯಾಸವಿರುವವರು ಅದರ ಮುಂದೆ ಕುಳಿತಿದ್ದರೆ ಏನೇನು ನುಡಿಸುತ್ತಿದ್ದರೋ! ಆಸ್ಕರ್ ಸಾಲಾ ಬದುಕಿಡೀ ಇದನ್ನೇ ನುಡಿಸಿದರು, ಬೆಳೆಸಿದರು. ಹಿಚ್‌ಕಾಕ್ 1963ರ ತಮ್ಮ ಪಕ್ಷಿಗಳ ಚಿತ್ರಕ್ಕೆ ಬಳಸಿದ ಹಕ್ಕಿಗಳ ಭೀಕರ ಕೂಗು ಹುಟ್ಟಿದ್ದು ಇದರಿಂದಲೇ.

ಹಾಗಾದರೆ ಕೀಲಿಮಣೆ ಗೆದ್ದದ್ದು ಹೇಗೆ?

ಕೊಳ್ಳುವವರಿಗೆ ಅದು ಆಗಲೇ ಗೊತ್ತಿತ್ತು, ಅಷ್ಟೇ. ಯೂರೋಪು ಅಮೆರಿಕಗಳಲ್ಲಿ ಲಕ್ಷಾಂತರ ಜನ ಪಿಯಾನೊ, ಆರ್ಗನ್ ಕಲಿತಿದ್ದರು. ಗಡಿಯಾರದ ಕಾರ್ಖಾನೆ ನಡೆಸುತ್ತಿದ್ದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ತಂದ ಆರ್ಗನ್ ಈ ಜನರ ಕೈಗೆ ನೇರವಾಗಿ ಹೊಂದಿಕೊಂಡಿತು. ಚರ್ಚುಗಳಿಗೆ ಕೊಳವೆಯ ಆರ್ಗನ್ನಿಗಿಂತ ಎಷ್ಟೋ ಅಗ್ಗವಾಗಿ ದಕ್ಕಿತು. ಒಳಗೆ 91 ಹಲ್ಲುಚಕ್ರಗಳು ಒಂದೇ ವೇಗದಲ್ಲಿ ತಿರುಗುವ ಮೋಟಾರಿನಿಂದ ಸುತ್ತುತ್ತವೆ, ಪ್ರತಿ ಚಕ್ರದ ಪಕ್ಕದಲ್ಲೂ ಒಂದು ಅಯಸ್ಕಾಂತ ಮತ್ತು ಸುರುಳಿ. ಕೇಹಿಲ್ ಅವರ 200 ಟನ್ ತತ್ತ್ವವೇ ವಾಲ್ವ್ ಆಂಪ್ಲಿಫೈಯರಿನ ನೆರವಿನಿಂದ ಒಂದು ಮೇಜಿನಷ್ಟಾಗಿತ್ತು. ಕೀಲಿ ಒತ್ತಿದಾಗ ಬರುವ ‘ಟಿಕ್’ ಸದ್ದನ್ನು ತಯಾರಕರು ದೋಷವೆಂದುಕೊಂಡಿದ್ದರು. ಜಾಝ್ ವಾದಕರು ಅದನ್ನೇ ಮೆಚ್ಚಿಕೊಂಡರು. ಇಂದು ಡಿಜಿಟಲ್ ಕೀಬೋರ್ಡ್‌ಗಳು ಆ ‘ಟಿಕ್’ ಅನ್ನು ಬೇಕೆಂದೇ ಸೇರಿಸುತ್ತವೆ.

ಸಿಂಥಸೈಜರ್ ಎಂದರೆ ನಿಜವಾಗಿ ಏನು? ಮೂಗ್ ಹೆಸರು ಏಕೆ ಅಷ್ಟು ದೊಡ್ಡದು?

ಸದ್ದನ್ನು ಅದರ ಬಿಡಿ ಅಂಶಗಳಿಂದ ಕಟ್ಟುವ ಯಂತ್ರ ಸಿಂಥಸೈಜರ್. ಆಸಿಲೇಟರ್ ಸ್ವರ ಹುಟ್ಟಿಸುತ್ತದೆ, ಫಿಲ್ಟರ್ ಅದರ ಬೇಡದ ಅಂಶಗಳನ್ನು ಸೋಸುತ್ತದೆ, ಆಂಪ್ಲಿಫೈಯರ್ ಅದು ಯಾವಾಗ ಏರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಇಳಿಯಬೇಕು ಎಂಬುದನ್ನು ರೂಪಿಸುತ್ತದೆ.

ರಾಬರ್ಟ್ ಮೂಗ್ ಹುಡುಗನಾಗಿದ್ದಾಗಲೇ ಥೆರೆಮಿನ್ ಕಟ್ಟಿದವರು, ಅದರ ಕಿಟ್ ಮಾರಿ ಓದಿನ ಖರ್ಚು ಹೊಂದಿಸಿಕೊಂಡವರು. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ, ಸಂಗೀತ ರಚನಕಾರ ಹರ್ಬರ್ಟ್ ಡಾಯ್ಚ್ ಜೊತೆ ಕುಳಿತು ಮೊದಲ ಮಾದರಿಯನ್ನು ತಯಾರಿಸಿದರು. ಅವರ ದೊಡ್ಡ ಹೆಜ್ಜೆ ವೋಲ್ಟೇಜ್ ನಿಯಂತ್ರಣ. ಒಂದು ವೋಲ್ಟ್ ಹೆಚ್ಚಾದರೆ ಸ್ವರ ಒಂದು ಸ್ಥಾಯಿ ಮೇಲೇರಬೇಕು ಎಂಬ ನಿಯಮವನ್ನು ಅವರು ಇಟ್ಟುಕೊಂಡರು. ಇದರಿಂದ ಕೀಲಿಯಿಂದಲೂ, ಇನ್ನೊಂದು ಆಸಿಲೇಟರಿನಿಂದಲೂ, ಬೆರಳೆಳೆಯುವ ಪಟ್ಟಿಯಿಂದಲೂ ಒಂದೇ ಬಗೆಯ ಅಪ್ಪಣೆ ಹೋಗಬಹುದಾಯಿತು. ಟ್ರಾನ್ಸಿಸ್ಟರ್‌ಗಳನ್ನು ಏಣಿಯಂತೆ ಜೋಡಿಸಿ ಮಾಡಿದ ಅವರ ಫಿಲ್ಟರ್ ಕೊಟ್ಟ ದಪ್ಪನೆಯ ನಾದವನ್ನು ಇವತ್ತಿಗೂ ಜನ ಬೆನ್ನಟ್ಟುತ್ತಾರೆ. 1968ರಲ್ಲಿ ವೆಂಡಿ ಕಾರ್ಲೋಸ್ ಬಾಖ್ ಕೃತಿಗಳನ್ನು ಮೂಗ್ ಮೇಲೆ ಒಂದೊಂದೇ ಸಾಲಾಗಿ ನುಡಿಸಿ, ಟೇಪಿನಲ್ಲಿ ಪದರಪದರವಾಗಿ ಜೋಡಿಸಿ ಹೊರತಂದ ಆಲ್ಬಂ ಯಂತ್ರಕ್ಕೆ ಮನೆಮಾತಿನ ಖ್ಯಾತಿ ತಂದಿತು.

ಅದೇ ಕಾಲಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಾನ್ ಬುಕ್ಲಾ ಬೇರೆಯೇ ಹಾದಿ ಹಿಡಿದಿದ್ದರು. ಕಪ್ಪು ಬಿಳಿ ಕೀಲಿ ಇಟ್ಟರೆ ಜನ ಹಳೆಯ ಸಂಗೀತವನ್ನೇ ನುಡಿಸುತ್ತಾರೆ ಎಂದು ಅವರು ಸ್ಪರ್ಶಫಲಕಗಳನ್ನು ಇಟ್ಟರು. ಬುಕ್ಲಾ ವಾದ ನನಗೆ ಸರಿಯೆನಿಸುತ್ತದೆ. ಮಾರುಕಟ್ಟೆ ಮೂಗ್ ಕಡೆಗೆ ಹೋಯಿತು. ಆದರೆ 1970ರ ಮಿನಿಮೂಗ್‌ನ ಎಡಬದಿಗೆ ಮೂಗ್ ತಂಡ ಒಂದು ಚಕ್ರವನ್ನೂ ಕೂರಿಸಿತು. ತಿರುಗಿಸಿದರೆ ಸ್ವರ ಬಾಗುತ್ತದೆ. ಕೀಲಿಮಣೆ ಕಳೆದುಕೊಂಡಿದ್ದ ಜಾರು ಆ ಪುಟ್ಟ ಚಕ್ರದ ಮೂಲಕ ಹಿಂತಿರುಗಿತು.

ಭಾರತಕ್ಕೆ ಇವು ಯಾವಾಗ ಬಂದವು?

ಸಿನಿಮಾ ಮೂಲಕ ಬಹಳ ಮೊದಲೇ. 1954ರ ಹಿಂದಿ ಚಿತ್ರ ‘ನಾಗಿನ್’ನ ಪುಂಗಿಯ ಸದ್ದು ಪುಂಗಿಯದಲ್ಲ. ಫ್ರಾನ್ಸಿನ ಕಾನ್‌ಸ್ತಾಂ ಮಾರ್ತಾಂ 1947ರಲ್ಲಿ ರೂಪಿಸಿದ ಕ್ಲೇವಿಯೊಲಿನ್ ಎಂಬ ಪುಟ್ಟ ಕೀಬೋರ್ಡಿನ ಮೇಲೆ, ಮುಂದೆ ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜೀ ಅದನ್ನು ನುಡಿಸಿದ್ದರು.

1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇರುವ ಸ್ಟುಡಿಯೊ ಸ್ಥಾಪಿಸಲು ನೆರವಾದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರಾ ಅಲ್ಲಿ ಕೆಲಸ ಮಾಡಿದರು. 1972ರ ಹೊತ್ತಿಗೆ ಆ ಚಟುವಟಿಕೆ ನಿಂತಿತು. ಟೇಪುಗಳು ದಶಕಗಳ ಕಾಲ ಸಂಸ್ಥೆಯಲ್ಲೇ ಮರೆತುಹೋಗಿದ್ದವು. ಕಲಾವಿದ ಪಾಲ್ ಪರ್ಗಾಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ 2023ರಲ್ಲಿ ಆಯ್ದ ಭಾಗಗಳು ಪ್ರಕಟವಾದವು. ನಮ್ಮ ದೇಶದ ಇಂಥ ಒಂದು ಅಧ್ಯಾಯ ಅರ್ಧ ಶತಮಾನ ಕಪಾಟಿನಲ್ಲಿ ಕುಳಿತಿತ್ತು ಎಂಬುದು ನೋವಿನ ಸಂಗತಿ.

ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಆಲ್ಬಂ ಮಾಡಿದರು. ಅವುಗಳಲ್ಲೊಂದು ಬಾಸ್ ಸ್ವರಗಳನ್ನು ನುಡಿಸುವ ಟಿಬಿ-303. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಅದರಲ್ಲಿದ್ದುದು ರಾಗಗಳಿಗೆ ಅನುಕೂಲವಾಯಿತು. ಆಗ ಆಲ್ಬಂ ಮಾರಾಟವಾಗಲಿಲ್ಲ. ಅದೇ ಯಂತ್ರದಿಂದ ಶಿಕಾಗೊ ಯುವಕರು 1987ರಲ್ಲಿ ‘ಆಸಿಡ್ ಹೌಸ್’ ಎಂಬ ಹೊಸ ಶೈಲಿಯನ್ನೇ ಹುಟ್ಟುಹಾಕಿದ ಬಹುಕಾಲದ ನಂತರ, 2010ರಲ್ಲಿ ಸಿಂಗ್ ಅವರ ಆಲ್ಬಂ ಮರುಮುದ್ರಣಗೊಂಡು ಜಗತ್ತು ಅವರತ್ತ ತಿರುಗಿತು.

ಡ್ರಮ್ ಮಷಿನ್ 808 ಎಂದರೆ ಏನು?

ಡ್ರಮ್ ಬಡಿತಗಳನ್ನು ತಾನೇ ನುಡಿಸುವ ಯಂತ್ರ, ರೋಲ್ಯಾಂಡ್ 1980ರಲ್ಲಿ ತಂದ ಟಿಆರ್-808. ನಿಜವಾದ ಡ್ರಮ್ ಸದ್ದಿನ ಮುದ್ರಣ ಅದರಲ್ಲಿಲ್ಲ. ಎಲ್ಲವೂ ಸರ್ಕ್ಯೂಟಿನಲ್ಲಿ ಹುಟ್ಟಿದ್ದು. ಡ್ರಮ್ಮಿನಂತೆ ಕೇಳುವುದಿಲ್ಲ ಎಂದು ಜನ ದೂರ ಇಟ್ಟರು, 1983ರಲ್ಲಿ ತಯಾರಿಕೆ ನಿಂತಿತು. ಹಳೆಯದಾಗಿ ಅಗ್ಗಕ್ಕೆ ಸಿಕ್ಕಾಗ ಹಿಪ್ ಹಾಪ್ ಕಲಾವಿದರು ಅದರ ಆಳವಾದ ಬಾಸ್ ಡ್ರಮ್ಮನ್ನು ಎತ್ತಿಕೊಂಡರು.

ನಿಜವಾದ ವಾದ್ಯದ ಸದ್ದನ್ನೇ ಕೀಲಿಗೆ ಕಟ್ಟುವ ಕಲ್ಪನೆ ಯಾರದು?

ಕಂಪ್ಯೂಟರಿಗಿಂತ ಮೊದಲು ಟೇಪು. 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ ಮೆಲೊಟ್ರಾನ್‌ನಲ್ಲಿ ಪ್ರತಿ ಕೀಲಿಗೂ ಒಂದೊಂದು ಟೇಪಿನ ತುಂಡು. ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿದು ಸ್ವರ ನಿಂತುಹೋಗುತ್ತಿತ್ತು. 1979ರಲ್ಲಿ ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ತಂದ ಫೇರ್‌ಲೈಟ್, ಸದ್ದನ್ನು ಅಂಕಿಗಳಾಗಿಸಿ ನೆನಪಿನಲ್ಲಿಟ್ಟುಕೊಂಡು ಯಾವ ಸ್ವರದಲ್ಲಿ ಬೇಕಾದರೂ ನುಡಿಸಿತು. ಇಂದಿನ ಕೀಬೋರ್ಡಿನಲ್ಲಿ ಕೇಳುವ ಶಹನಾಯಿ, ಸಿತಾರ್, ತಬಲಾಗಳೆಲ್ಲ ಈ ಸ್ಯಾಂಪ್ಲಿಂಗ್ ವಂಶದವು.

ಯಮಹಾ ಡಿಎಕ್ಸ್7 ಅಷ್ಟು ಜನಪ್ರಿಯವಾದದ್ದು ಏಕೆ?

1967ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಕಂಪ್ಯೂಟರಿನಲ್ಲಿ ಒಂದು ಸ್ವರದ ಆವರ್ತನವನ್ನು ಇನ್ನೊಂದರಿಂದ ಅತಿವೇಗವಾಗಿ ಅಲುಗಿಸಿ ನೋಡುತ್ತಿದ್ದರು. ಅಲುಗಾಟ ಒಂದು ವೇಗ ದಾಟಿದಾಗ ಅದು ಕಂಪನದಂತೆ ಕೇಳದೆ, ಗಂಟೆಯಂಥ ಹೊಸ ನಾದವಾಗಿ ಕೇಳಿತು. ಯಮಹಾ ಈ ತಂತ್ರದ ಪರವಾನಗಿ ಪಡೆದು 1983ರಲ್ಲಿ ಡಿಎಕ್ಸ್7 ಎಂಬ ಸಿಂಥಸೈಜರ್ ತಂದಿತು. ಏಕಕಾಲಕ್ಕೆ 16 ಸ್ವರ, ಶ್ರುತಿ ಕದಲದ ಡಿಜಿಟಲ್ ಸ್ಥಿರತೆ, ಮಧ್ಯಮ ಬೆಲೆ. ಎಂಬತ್ತರ ದಶಕದ ಚಿತ್ರಗೀತೆಗಳಲ್ಲಿ ಕೇಳುವ ಗಾಜಿನಂಥ ಎಲೆಕ್ಟ್ರಿಕ್ ಪಿಯಾನೊ ಹಲವು ಸಲ ಇದರದೇ.

ಮಿಡಿ ಎಂದರೇನು? ಅದಿಲ್ಲದೆ ಏನು ಕೆಲಸ ಕೆಡುತ್ತಿತ್ತು?

ಎಂಬತ್ತರ ಆರಂಭದಲ್ಲಿ ಒಂದು ಕಂಪನಿಯ ಕೀಬೋರ್ಡಿನಿಂದ ಇನ್ನೊಂದು ಕಂಪನಿಯ ಯಂತ್ರವನ್ನು ನುಡಿಸುವುದು ದೊಡ್ಡ ತಲೆನೋವಾಗಿತ್ತು. ಕ್ಯಾಲಿಫೋರ್ನಿಯದ ಡೇವ್ ಸ್ಮಿತ್, ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಾಕೆಹಾಶಿ ಮತ್ತಿತರರು ಎಲ್ಲರಿಗೂ ಒಂದೇ ಭಾಷೆ ಇರಲೆಂದು ಮಿಡಿ ರೂಪಿಸಿದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ಮೇಳದಲ್ಲಿ ಎರಡು ಪ್ರತಿಸ್ಪರ್ಧಿ ಕಂಪನಿಗಳ ಯಂತ್ರಗಳನ್ನು ಒಂದು ಕೇಬಲ್ಲಿನಿಂದ ಜೋಡಿಸಿ ತೋರಿಸಲಾಯಿತು. ಯಾರೂ ಹಕ್ಕುಶುಲ್ಕ ಕೇಳಲಿಲ್ಲ.

ಕೇಬಲ್ಲಿನಲ್ಲಿ ಸದ್ದು ಹರಿಯುವುದಿಲ್ಲ, ಸೂಚನೆ ಹರಿಯುತ್ತದೆ: ಸ್ವರ 60 ಶುರು, ಒತ್ತಿದ ರಭಸ 90. ಹೀಗೆ ಮೂರು ಬೈಟು. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಅದು ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ತಲುಪುತ್ತದೆ. ಸರಳತೆಯೇ ಅದರ ಬಲ. ಅದರ ಮಿತಿಯೂ ಅಲ್ಲೇ ಇದೆ. ಸ್ವರವನ್ನು 0ರಿಂದ 127ರವರೆಗಿನ ಮನೆಗಳಾಗಿ ಎಣಿಸುವ ಈ ಭಾಷೆ ಪಿಯಾನೊ ನುಡಿಸುವವರ ಭಾಷೆ. ತೋಡಿಯ ಗಾಂಧಾರ ಒಂದು ಮನೆಯಲ್ಲಿ ಕೂರುವುದಿಲ್ಲ. ರಿಷಭ ಮಧ್ಯಮಗಳ ನಡುವೆ ತೂಗುತ್ತಲೇ ಇರುತ್ತದೆ. ಅದಕ್ಕೆ ಮಿಡಿಯಲ್ಲಿ ನಂಬರಿಲ್ಲ. ಪಿಚ್ ಬೆಂಡ್ ಎಂಬ ಬೇರೆ ಸೂಚನೆ ಇದೆ, ಆದರೆ ಅದು ಒಂದು ಚಾನೆಲ್ಲಿನ, ಅಂದರೆ ಸೂಚನೆಗಳು ಹರಿಯುವ ಒಂದು ದಾರಿಯ, ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ.

ಎಲೆಕ್ಟ್ರಾನಿಕ್ ತಂಬೂರಿ ಬೆಂಗಳೂರಿನಲ್ಲೇ ಹುಟ್ಟಿತೇ?

ಹೌದು. 1979ರಲ್ಲಿ ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅದನ್ನು ರೂಪಿಸಿದರು. ಅವರ ರಾಡೆಲ್ ಹೆಸರಿನ ಪೆಟ್ಟಿಗೆಗಳು ಇಂದು ಸಂಗೀತ ಪಾಠ ನಡೆಯುವ ಮನೆಗಳಲ್ಲಿ ಸಾಮಾನ್ಯ. ಇಲ್ಲಿ ಎಲೆಕ್ಟ್ರಾನಿಕ್ಸ್ ಗೆದ್ದದ್ದು ಕೈಗೆ ಏನೂ ಕೆಲಸ ಕೊಡದೆ. ಹಾಡುವವರ ಕೈ ತಾಳಕ್ಕೆ ಬಿಡುವಾಯಿತು. ಪ್ರತಿದಿನ ತಂಬೂರಿ ಮೀಟಲು ಜೊತೆಗಾರರಿಲ್ಲದ ವಿದ್ಯಾರ್ಥಿಗೆ ಶ್ರುತಿ ದಕ್ಕಿತು. ನಷ್ಟವೂ ಇದೆ. ನಿಜವಾದ ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯಡಿ ದಾರ ಸರಿಸಿ ಜವಾರಿ ಹಿಡಿಯುವಾಗ, ಒಂದು ಕೂದಲೆಳೆ ಸರಿದರೂ ಮೇಲಿನ ಸ್ವರಗಳು ಹೇಗೆ ಅರಳುತ್ತವೆ ಎಂಬುದನ್ನು ಕಿವಿ ಕಲಿಯುತ್ತದೆ. ಪೆಟ್ಟಿಗೆಯ ಗುಂಡಿ ಅದನ್ನು ಕಲಿಸುವುದಿಲ್ಲ. ಅಭ್ಯಾಸಕ್ಕೆ ಪೆಟ್ಟಿಗೆ ಇರಲಿ, ವಾರಕ್ಕೊಮ್ಮೆಯಾದರೂ ತಂತಿಯ ತಂಬೂರಿ ಶ್ರುತಿ ಮಾಡಿ ಎಂದು ನಾನು ಹೇಳುತ್ತೇನೆ.

ಈಗಿನ ಕೀಬೋರ್ಡಿನಲ್ಲಿ ಗಮಕ ನುಡಿಸಬಹುದೇ?

ನುಡಿಸಬಹುದು. ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡಿನಲ್ಲೇ ಕರ್ನಾಟಕ ಸಂಗೀತದ ಕಛೇರಿ ನಡೆಸುತ್ತಾರೆ. ಬಲಗೈ ಕೀಲಿ ಹಿಡಿದರೆ ಎಡಗೈ ಪಿಚ್ ಬೆಂಡ್ ನೋಡಿಕೊಳ್ಳುತ್ತದೆ. 2018ರಲ್ಲಿ ಮಿಡಿಗೆ ಸೇರಿದ ಎಂಪಿಇ ಎಂಬ ಹೊಸ ಕ್ರಮದಲ್ಲಿ ಪ್ರತಿ ಸ್ವರಕ್ಕೂ ಅದರದೇ ಚಾನೆಲ್ ಸಿಗುತ್ತದೆ. ಹಾಗಾಗಿ ಒಂದು ಬೆರಳು ಷಡ್ಜ ಹಿಡಿದಿರುವಾಗಲೇ ಇನ್ನೊಂದು ಬೆರಳು ಗಾಂಧಾರವನ್ನು ತೂಗಬಹುದು. ಹಾಕನ್ ಕಂಟಿನ್ಯುಅಮ್, ರೋಲಿ ಸೀಬೋರ್ಡ್‌ನಂಥ ಮೆತ್ತನೆಯ ಮೇಲ್ಮೈಯ ವಾದ್ಯಗಳಲ್ಲಿ ಮಾರ್ತೆನೊ ಅವರ ಉಂಗುರದ ಕೆಲಸವನ್ನು ಹತ್ತೂ ಬೆರಳು ಮಾಡಬಹುದು. ಬೆಲೆ ಮಾತ್ರ ಹೆಚ್ಚು.

ಅಷ್ಟು ಖರ್ಚು ಬೇಡವೆಂದರೆ ಪಿಚ್ ಬೆಂಡ್ ಚಕ್ರವಿರುವ ಸಾಧಾರಣ ಕೀಬೋರ್ಡಿನಲ್ಲೇ ಶುರು ಮಾಡಿ. ಬಹುತೇಕ ಕೀಬೋರ್ಡ್‌ಗಳಲ್ಲಿ ಬೆಂಡ್ ವ್ಯಾಪ್ತಿ ಎರಡು ಅರ್ಧಸ್ವರಗಳಿಗೆ ಹೊಂದಿಸಿರುತ್ತದೆ. ಅಷ್ಟರಲ್ಲಿ ಷಡ್ಜದಿಂದ ಚತುಶ್ರುತಿ ರಿಷಭದವರೆಗೆ ಮಾತ್ರ ಜಾರಬಹುದು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಏಳಕ್ಕೆ ಏರಿಸಿದರೆ ಪಂಚಮದವರೆಗೆ ಒಂದೇ ಎಳೆತದಲ್ಲಿ ಹೋಗಬಹುದು, ಆದರೆ ಚಕ್ರ ಸೂಕ್ಷ್ಮವಾಗುವುದರಿಂದ ಕೈ ಪಳಗಬೇಕು. ಮೊದಲು ಎರಡರಲ್ಲೇ ಇಟ್ಟು ಮೋಹನದ ರಿಷಭಕ್ಕೆ ಷಡ್ಜದಿಂದ ಜಾರುವುದನ್ನು, ಶ್ರುತಿ ಪೆಟ್ಟಿಗೆ ಹಾಕಿಕೊಂಡು, ನಿಧಾನವಾಗಿ ಅಭ್ಯಾಸ ಮಾಡಿ.